ಸದ್ಯಕ್ಕೆಂದು ಬರೆದ ಅಂಕಿ

ಗದಗ, ೨೩೧೪ನೆಯ ಇಸವಿಯ ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ

ಮಾನ್ಯರೇ,

ಹೆಸರು ಗೊತ್ತಿಲ್ಲದ ನಿಮಗೆ ಮುನ್ನೂರು ವರ್ಷ ಮುಂದಿನಿಂದ ಬರೆಯುತ್ತಿದ್ದೇನೆ. ನನ್ನ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟನ್ನು ಮಾತ್ರ ಬೇಕೆಂದೇ ಉಳಿಸಿಕೊಂಡಿದ್ದೇನೆ.

ಇಲ್ಲಿ ಪ್ರತಿ ಮಗುವಿಗೂ ಹುಟ್ಟಿದ ವಾರದಲ್ಲೇ ಒಂದು ಪಡಿಜೀವ ಮಾಡಿಸುತ್ತಾರೆ. ಮೈಯ ಜೀವಕೋಶಗಳು ಹೇಗೆ ಚಲಿಸುತ್ತವೆ, ಒಂದೊಂದರ ಒಳಗೆ ಅಣುಗಳು ಹೇಗೆ ಹರಡುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನಡೆಸುವ ಪ್ರತಿರೂಪ ಅದು. ಯಾವ ಔಷಧವನ್ನಾದರೂ ಮೊದಲು ಅದಕ್ಕೆ ಕೊಟ್ಟು ನೋಡುತ್ತಾರೆ. ತಾಯಂದಿರು ಮಗುವಿನ ಹಣೆ ಮುಟ್ಟುವ ಮೊದಲು ಪಡಿಜೀವದ ವರದಿ ಓದುತ್ತಾರೆ. ಸೂಕ್ಷ್ಮದರ್ಶಕಗಳು ವಸ್ತುಸಂಗ್ರಹಾಲಯ ಸೇರಿವೆ. ಈ ಪಡಿಜೀವಗಳನ್ನು ನೋಡಿಕೊಳ್ಳುವುದು ಹದಿನೆಂಟು ವರ್ಷಗಳಿಂದ ನನ್ನ ಕೆಲಸ.

ನನ್ನ ತಂಗಿ ಶಾಂಭವಿಯ ಕಾಲಿನ ಮೇಲೆ ಕಾದ ಎಣ್ಣೆ ಬಿತ್ತು. ಅದೇ ಗಾಯವನ್ನು ಅವಳ ಪಡಿಜೀವಕ್ಕೂ ಮಾಡಿ ಔಷಧ ಕೊಟ್ಟಾಗ, ಅದರ ಚರ್ಮದ ಕೋಶಗಳು ಸರಸರನೆ ಸರಿದು ಒಂಬತ್ತೇ ದಿನಕ್ಕೆ ಗಾಯ ಮುಚ್ಚಿತು. ಅವಳ ನಿಜವಾದ ಕಾಲಿನ ಗಾಯ ನಲವತ್ತು ದಿನವಾದರೂ ಮಾಯಲಿಲ್ಲ. ಔಷಧ ಬದಲಿಸಿ ಎಂದು ವೈದ್ಯರ ಬೆನ್ನು ಬಿದ್ದೆ. "ಲೆಕ್ಕದಾಗ ವಾಸಿ ಆಗೈತ್ರಿ. ವಾಸಿ ಆದದ್ದಕ್ಕ ಮತ್ತೊಂದು ಔಷಧ ಹೆಂಗ ಕೊಡೂದ್ರಿ?" ಎಂದರು. ಶಾಂಭವಿ ನನ್ನ ಕೈ ಹಿಡಿದು, "ಅಕ್ಕಾ, ನಿಮ್ಮ ಲೆಕ್ಕದಾಗ ಏನೋ ತಪ್ಪೈತಿ. ಬುಡದ ತನಕ ಹೋಗಿ ನೋಡು," ಎಂದಳು.

ಹೋದೆ. ಪದರದ ಕೆಳಗೆ ಪದರ ಬಿಡಿಸಿದಾಗ ಎಲ್ಲಕ್ಕಿಂತ ಅಡಿಯಲ್ಲಿ, ಈ ಲೆಕ್ಕವನ್ನು ಮೊಟ್ಟಮೊದಲು ಬರೆದ ನಿಮ್ಮ ಅಂಕಿ ಸಿಕ್ಕಿತು: ಕೋಶದೊಳಗೆ ಅಣು ಹರಡುವ ವೇಗ. ಪಕ್ಕದಲ್ಲಿ ನೀವೇ ಬರೆದಿದ್ದೀರಿ, 'ನೀರಿನಲ್ಲಿ ಹರಡುವ ವೇಗವನ್ನೇ ಸದ್ಯಕ್ಕೆ ಹಾಕಿದೆ, ಅಳೆದು ಬದಲಿಸಬೇಕು.' ಕೋಶದೊಳಗೆ ಬರೀ ನೀರೆಲ್ಲಿದೆ ಸ್ವಾಮಿ? ಅಲ್ಲಿರುವುದು ಸಂತೆಯ ನೂಕುನುಗ್ಗಲು. ಅಣು ಅಷ್ಟು ಬೇಗ ಹರಡಿದರೆ ಕೋಶವೂ ಬೇಗ ಸರಿಯುತ್ತದೆ, ಲೆಕ್ಕದಲ್ಲಿ. ನೀವು ಅಳೆಯಲೇ ಇಲ್ಲ. ನಂತರದವರು ನಕಲು ಮಾಡಿಕೊಂಡರು. ಹೆಚ್ಚಿನವರ ಗಾಯ ತಾನಾಗಿಯೇ ಮಾಯುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ನಾನೂ ಹದಿನೆಂಟು ವರ್ಷ ಕಣ್ಣುಮುಚ್ಚಿ ಅದನ್ನೇ ನಕಲು ಮಾಡಿದೆ. ಅದನ್ನು ನೆನೆದರೆ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ.

ತಿದ್ದೋಣವೆಂದರೆ ಊರಿನವರೆಲ್ಲರ ಪಡಿಜೀವ ಬದಲಾಗುತ್ತದೆಂದು ಮೇಲಿನವರು ಒಪ್ಪುತ್ತಿಲ್ಲ. ಅಳೆದು ತೋರಿಸೋಣವೆಂದರೆ ಜೀವಂತ ಕೋಶವನ್ನು ಅಳೆಯಬಲ್ಲವರು ಇಲ್ಲಿ ಯಾರೂ ಉಳಿದಿಲ್ಲ. ನಿಮ್ಮ ಮೇಜಿನ ಮೇಲೆ ಇನ್ನೂ ಸೂಕ್ಷ್ಮದರ್ಶಕವಿದೆ. ಕೈಮುಗಿದು ಕೇಳುತ್ತೇನೆ, ನಾಳೆಗೆ ಹಾಕದೆ ಅಳೆಯಿರಿ.

ಗಾಯ ಕೊಳೆತಿದೆ. ಔಷಧಕ್ಕೆ ಪಡಿಜೀವದ ಒಪ್ಪಿಗೆ ಬೇಕು, ಕಾಲು ಕತ್ತರಿಸಲು ಬೇಡ; ಗುರುವಾರ ಶಾಂಭವಿಯ ಕಾಲು ತೆಗೆಯುತ್ತಾರೆ. ಶುಕ್ರವಾರ ಬೆಳಿಗ್ಗೆ ಅವಳ ಪಡಿಜೀವ ಎರಡೂ ಕಾಲ ಮೇಲೆ ನಿಂತಿರುತ್ತದೆ. ಅದು ಆರೋಗ್ಯವಾಗಿದೆ ಎಂದು ಸಹಿ ಹಾಕಬೇಕಾದವಳು ನಾನು.

ನೀಲಾಂಬಿಕೆ ಹೊಂಬಳ