ಬಂಡೆಹಟ್ಟಿಯ ಏರು ಹತ್ತಿದ ಜೀಪು

ಕೂಡ್ಲಿಗಿ
22 ಅಕ್ಟೋಬರ್ 2024, ಮಂಗಳವಾರ

ಪ್ರೀತಿಯ ರೇಖವ್ವಾ,

ಹೇಗಿದ್ದೀಯ ತಾಯಿ? ಆ ಮರಳುಗಾಡಿನಲ್ಲಿ ಚಳಿ ಶುರುವಾಯಿತೇ? ಬೆನ್ನುನೋವು ಹೇಗಿದೆ? ಗಡಿಪಡೆಯ ಲಾರಿಗಳ ಕೆಳಗೆ ಮಲಗಿ ರಿಪೇರಿ ಮಾಡುವಾಗ ಒಂದು ಗೋಣಿಚೀಲವನ್ನಾದರೂ ಹಾಸಿಕೋ. ಫೋನು ಸಿಗದ ಚೌಕಿಗೆ ಹಾಕಿದ್ದಾರೆ ಎಂದು ನಿಮ್ಮಮ್ಮ ಗೊಣಗುತ್ತಾಳೆ. ನನಗೇನೋ ಒಳಗೊಳಗೆ ಖುಷಿಯೇ. ಫೋನಿನಲ್ಲಾದರೆ ನೀನು "ಆತು ಬಿಡಪ್ಪ, ಮುಂದ ಹೇಳು" ಎಂದು ಅವಸರ ಮಾಡುತ್ತೀಯ. ಕಾಗದದಲ್ಲಿ ನನ್ನನ್ನು ತಡೆಯುವವರಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿ ಮಾತ್ರ ಇದ್ದ ಹಾಗೆಯೇ ಇದೆ.

ಸುದ್ದಿ ಏನೆಂದರೆ, ಜೀಪು ಹತ್ತಿತು! ನಿನಗೆ ಗೊತ್ತಿರುವ ಕಥೆಯೇ, ಆದರೂ ಮೊದಲಿನಿಂದ ಹೇಳದಿದ್ದರೆ ನನಗೆ ಹೇಳಿದ ಹಾಗೆ ಆಗುವುದಿಲ್ಲ. ಎರಡು ವರ್ಷದ ಹಿಂದೆ ನಿಮ್ಮಮ್ಮನನ್ನು ಅವಳ ಅಕ್ಕ ಕೆಂಚಕ್ಕನ ಊರಿಗೆ ಕರೆದುಕೊಂಡು ಹೊರಟಾಗ, ಬಂಡೆಹಟ್ಟಿಯ ಏರಿನ ನಡುಮಧ್ಯದಲ್ಲಿ ಜೀಪು ಉಸಿರು ಬಿಟ್ಟು ನಿಂತು, ಆಮೇಲೆ ಹಿಂದಕ್ಕೆ ಜಾರಿತಲ್ಲ, ಆ ದಿನದಿಂದ ಅವಳು ಜೀಪಿನ ಕಡೆ ಮುಖ ಮಾಡಿರಲಿಲ್ಲ. "ಈ ಡಬ್ಬಿ ಹತ್ತಾಕಿ ಅಲ್ಲ ನಾನು" ಎಂದಳು. ಆ ಕಲ್ಲುದಾರಿಗೆ ಬೇರೆ ಗಾಡಿ ಬರುವುದಿಲ್ಲ, ನಡೆಯಲು ಮಂಡಿ ಬಿಡುವುದಿಲ್ಲ. ಕೆಂಚಕ್ಕನಿಗೆ ಎಪ್ಪತ್ತೆಂಟು, ಅವಳು ಗುಡ್ಡ ಇಳಿಯುವುದಿಲ್ಲ. ಅಕ್ಕತಂಗಿ ಎರಡು ವರ್ಷ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಏರಿನಲ್ಲಿ ಜೀಪು ಮೂತಿ ಎತ್ತಿದರೆ ಕಾರ್ಬುರೇಟರಿನ ಬಟ್ಟಲಿನಲ್ಲಿ ಪೆಟ್ರೋಲು ಒಂದು ಮಗ್ಗುಲಿಗೆ ಸರಿದು ಇಂಜಿನ್ನಿಗೆ ಗುಟುಕು ಸಿಗುವುದಿಲ್ಲ ಎಂದು ನಾನು ಹೇಳಿದ್ದನ್ನೇ ಹಿಡಿದುಕೊಂಡು, ನೀನು ಯುಗಾದಿ ರಜೆಗೆ ಬಂದಾಗ ಕಾರ್ಬುರೇಟರಿನ ಬದಲು ಕಂಪ್ಯೂಟರೇ ಅಳೆದು ಇಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ ಕಿಟ್ಟಿನ ಪೆಟ್ಟಿಗೆ ತಂದೆ. ಕೂಡಿಸುವಷ್ಟರಲ್ಲಿ ರಜೆ ಮುಗಿಯಿತು. ನೋಟುಬುಕ್ಕಿನ ಹಾಳೆಯಲ್ಲಿ ಚಿತ್ರ ಬರೆದು ಗೋಡೆಗೆ ಅಂಟಿಸಿ ಹೋದೆ.

ಆರು ತಿಂಗಳು ಆ ಪೆಟ್ಟಿಗೆಯನ್ನು ನಾನು ಮುಟ್ಟಲಿಲ್ಲ, ನಿಜ ಹೇಳುತ್ತೇನೆ. ನಲವತ್ತು ವರ್ಷ ಕಿವಿ ಕೊಟ್ಟು ಕೇಳಿ, ಸ್ಕ್ರೂ ಒಂದು ಕೂದಲಿನಷ್ಟು ತಿರುಗಿಸಿ ಇಂಜಿನ್ನು ಹದಕ್ಕೆ ತಂದವನು ನಾನು. ಹರಪನಹಳ್ಳಿ, ಹಡಗಲಿಯಿಂದ ಜನ ಜೀಪು ಹೊಡೆದುಕೊಂಡು ಬರುತ್ತಿದ್ದುದು ಈ ಕಿವಿಗಾಗಿ. ಅದನ್ನು ಬೆಂಕಿಪೊಟ್ಟಣದಂಥ ಒಂದು ಕಂಪ್ಯೂಟರ್ ಪೆಟ್ಟಿಗೆಗೆ ಒಪ್ಪಿಸು ಎಂದರೆ ಕೈ ಬರುತ್ತದೆಯೇ? ಆದರೆ ಹೋದ ವಾರ ಕೆಂಚಕ್ಕ ಸಂತೆಗೆ ಬಂದವರ ಕೈಯಲ್ಲಿ ಒಂದು ಚೀಲ ಸೀತಾಫಲ ಕಳಿಸಿದ್ದಳು. ನಿಮ್ಮಮ್ಮ ಒಂದನ್ನೂ ತಿನ್ನಲಿಲ್ಲ. ಹಂಚಿಬಿಟ್ಟಳು. ಮರುದಿನ ಬೆಳಗ್ಗೆಯೇ ನಾನು ವೈರಿಂಗ್ ಮಾಡುವ ತಿಪ್ಪೇಶನನ್ನು ಕರೆದೆ.

ಮೂರು ದಿನದ ಕೆಲಸ. ಕಾರ್ಬುರೇಟರ್ ಬಿಚ್ಚಿ ಆ ಜಾಗಕ್ಕೆ ಹೊಸದನ್ನು ಕೂರಿಸಿದೆವು. ಸೈಲೆನ್ಸರ್ ಪೈಪಿಗೆ ತೂತು ಕೊರೆದು, ಹೊಗೆ ಮೂಸಿ ನೋಡುವ ಸೆನ್ಸರನ್ನು ವೆಲ್ಡಿಂಗ್ ಮಾಡಿ ನಿಲ್ಲಿಸಿದೆವು. ಟ್ಯಾಂಕಿನ ಹತ್ತಿರ ಕರೆಂಟಿನ ಪಂಪು. ಎಲ್ಲ ಸರಿ, ಆದರೆ ನಿನ್ನ ಚಿತ್ರದಲ್ಲಿ ಇನ್ನೊಂದು ಪೈಪು ಇಂಜಿನ್ನಿನಿಂದ ಟ್ಯಾಂಕಿಗೆ ವಾಪಸ್ಸು ಬರುತ್ತಿತ್ತಲ್ಲ, ಅದು ನನಗೆ ಜೀರ್ಣವಾಗಲಿಲ್ಲ. ಡೀಸೆಲ್ ಗಾಡಿಗೆ ಉಂಟು, ಒಪ್ಪುತ್ತೇನೆ. ನನ್ನ ಪೆಟ್ರೋಲ್ ಜೀಪಿನಲ್ಲಿ ಕೊಟ್ಟ ಎಣ್ಣೆ ತಿರುಗಿ ಬಂದದ್ದನ್ನು ನಾನು ನೋಡಿಲ್ಲ. ಹುಡುಗಿ ಅವಸರದಲ್ಲಿ ಡೀಸೆಲ್ ಲಾರಿಯ ಚಿತ್ರ ಬರೆದಿದ್ದಾಳೆ ಎಂದುಕೊಂಡು, ತಿಪ್ಪೇಶ ಚಹಾ ಕುಡಿಯಲು ಹೋದಾಗ ಆ ಪೈಪಿನ ಬಾಯಿಗೆ ಒಂದು ಬೋಲ್ಟು ತುರುಕಿ ಕ್ಲಿಪ್ಪು ಬಿಗಿದುಬಿಟ್ಟೆ.

ಕೀಲಿ ತಿರುಗಿಸಿದೆವು. ಹತ್ತಿಕೊಂಡಿತು! ಆದರೆ ಹಿಂದಿನಿಂದ ಎಂಥ ಕಪ್ಪು ಹೊಗೆ ಅಂತೀಯಾ, ಪಕ್ಕದ ಮನೆ ಹಂಪಕ್ಕ ಒಗೆದು ಹರವಿದ್ದ ಬಿಳಿ ದುಪ್ಪಟಿ ಎಮ್ಮೆಯ ಬಣ್ಣಕ್ಕೆ ತಿರುಗಿತು. ಅವಳು ಸೊಂಟಕ್ಕೆ ಕೈಕೊಟ್ಟು, "ಏನ್ ಕಾಕಾ, ಜೀಪ್ ರಿಪೇರಿನೋ, ಇಟ್ಟಂಗಿ ಭಟ್ಟಿ ಹಚ್ಚೀಯೋ?" ಎಂದು ಕೇಳಿದಳು. ತಿಪ್ಪೇಶ ಎಲ್ಲ ವೈರುಗಳನ್ನೂ ಬಿಚ್ಚಿ ನೋಡಿದ, ನಾನು ಕಂಪ್ಯೂಟರನ್ನು ಬೈದೆ. ಕೊನೆಗೆ ಮಜ್ಜಿಗೆ ಕೊಡಲು ಬಂದ ನಿಮ್ಮಮ್ಮ ಗೋಡೆಯ ಚಿತ್ರವನ್ನೊಮ್ಮೆ, ಜೀಪನ್ನೊಮ್ಮೆ ನೋಡಿ, "ಆ ಬೋಲ್ಟ್ ಮಗಳ ಚಿತ್ರದಾಗ ಇಲ್ಲಲ್ರಿ" ಎಂದಳು. ನಾನು ಎಣ್ಣೆ ಹಿಂದಕ್ಕೆ ಬರಬಾರದು ಎಂದು ಪಾಠ ಮಾಡಲು ಹೊರಟರೆ, "ಪಂಪ್ ಒತ್ತಿ ಒತ್ತಿ ಕೊಡಾಕ ಹತ್ತೈತಿ. ಹೆಚ್ಚಾಗಿದ್ದು ಎಲ್ಲಿಗೆ ಹೋಗ್ಬೇಕು? ಆಕಿ ಬರದಿದ್ದು ತಪ್ಪು ಅನ್ನಿಸಿದ್ರ ಆಕಿನ್ನ ಕೇಳ್ಬೇಕು, ಬೋಲ್ಟ್ ಹೊಡೀಬಾರ್ದು" ಎಂದಳು. ಬೋಲ್ಟು ತೆಗೆದೆ. ಇಂಜಿನ್ನು ಹಾಲು ಕುಡಿದ ಕೂಸಿನ ಹಾಗೆ ಸಣ್ಣಗೆ ಗುರುಗುಟ್ಟುತ್ತ ನಿಂತಿತು. ತಿಪ್ಪೇಶ ಅವಳ ಕಾಲು ಮುಟ್ಟಿ, "ಕಾಕಿ, ನಾಳಿಂದ ಅಂಗಡಿಗಿ ನೀನ ಬಾ, ಕಾಕಾ ಮನ್ಯಾಗ ರೊಟ್ಟಿ ಬಡೀಲಿ" ಎಂದ. ನಾನು ಕಿವಿ ಹತ್ತಿರ ಒಯ್ದು ಕೇಳಿದೆ, ರೇಖವ್ವ. ತಿರುಗಿಸಲು ಸ್ಕ್ರೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆದರೂ ಅವಳು ಹತ್ತಲೊಲ್ಲಳು. ಮೊದಲು ನಾನೊಬ್ಬನೇ ಹೋಗಿ ನೋಡಿಬರುತ್ತೇನೆ ಎಂದು ಪಕ್ಕದ ಸೀಟಿಗೆ ಎರಡು ಮೂಟೆ ಮರಳು ಹೇರಿದೆ. ಅದೇನು ಎಂದಳು. ನಿನ್ನ ಲೆಕ್ಕಕ್ಕೆ ಎಂದೆ. "ನಾನು ಎಲ್ಡು ಮೂಟಿ ಅದೀನೇನ್ರಿ?" ಎಂದು ಸಿಟ್ಟಿಗೆದ್ದು, ಮರಳನ್ನು ಇಳಿಸಲು ಹೇಳಿ, ಸೀರೆ ಬದಲಾಯಿಸಿಕೊಂಡು ಬಂದು ತಾನೇ ಕುಳಿತಳು! ಹೋದ ಭಾನುವಾರದ ಮಾತು.

ಏರು ಶುರುವಾದ ಕೂಡಲೇ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ನನ್ನ ಅಂಗಿ. ಹಿಂದೆ ನಿಂತಿದ್ದ ಜಾಗ ಬಂದಾಗ, "ಇಲ್ಲೇ ನಿಲ್ಸ್ರಿ ನೋಡೋಣು" ಎಂದಳು. ಬ್ರೇಕು ತುಳಿದು ನಿಂತೆ. ಮೂತಿ ಆಕಾಶ ನೋಡುತ್ತಿತ್ತು. ಇಂಜಿನ್ನು ಅಲುಗಲಿಲ್ಲ, ಕೆಮ್ಮಲಿಲ್ಲ. ಅವಳು ಮನಸ್ಸಿನಲ್ಲೇ ಏನೋ ಎಣಿಸಿ ಅಂಗಿ ಬಿಟ್ಟು, "ಹೂಂ, ನಡೀರಿ" ಎಂದಳು.

ಕೆಂಚಕ್ಕ ಆಡಿನ ದೊಡ್ಡಿಯ ಹತ್ತಿರ ನಿಂತಿದ್ದಳು. "ಬಂದ್ಯೇನಲೇ ಕನಕಿ? ನಿನ್ ಗಂಡನ ಜೀಪಿಗಿಂತ ನನ್ ಆಡಿನ ಮ್ಯಾಲ ಕುಂತಿದ್ರ ಹ್ವಾದ ವರ್ಷನ ಮುಟ್ತಿದ್ದಿ" ಎಂದಳು, ಅಷ್ಟೇ. ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ತಲೆಗೆ ತಲೆ ಹಚ್ಚಿ ಕುಳಿತವರು ಹೊತ್ತು ಇಳಿಯುವವರೆಗೆ ಏಳಲಿಲ್ಲ. ಒಂದು ಬುಟ್ಟಿ ಸೀತಾಫಲ ಮುಗಿಸಿದರು. ಬೀಜಗಳನ್ನು ನನ್ನ ಕಡೆಗೇ ಉಗುಳಿದರು.

ತಿಪ್ಪೇಶ ನಿನಗೆ ನಮಸ್ಕಾರ ಹೇಳಿದ್ದಾನೆ. ಹಂಪಕ್ಕ ಹೊಸ ದುಪ್ಪಟಿ ಕೇಳಿದ್ದಾಳೆ. ನಿನ್ನ ಕೈ ಮುಟ್ಟಿದ ಗಾಡಿಗಳೆಲ್ಲ ದಾರಿಯಲ್ಲಿ ನಿಲ್ಲದೆ ಓಡಲಿ, ನೀನು ನಗುನಗುತ್ತ ಇರು ಮಗಳೇ.

ನಿನ್ನ ಅಪ್ಪ,
ಕೊಟ್ರಬಸಪ್ಪ

ತಾ.ಕ.: ಒಂದು ಮಾತು ಗಂಟಲಲ್ಲಿ ಉಳಿದಿದೆ. ಏರಿನಲ್ಲಿ ಕಾರ್ಬುರೇಟರ್ ತಡವರಿಸುವುದು ನಿಜ, ಆದರೆ ಎರಡು ವರ್ಷದ ಹಿಂದೆ ಆ ದಿನ ಅದು ತಪ್ಪು ಮಾಡಿರಲಿಲ್ಲ. ಬಂಕಿನಲ್ಲಿ ಯಾರದೋ ಜೊತೆ ಹರಟುತ್ತ ನಾನು ಪೆಟ್ರೋಲು ಹಾಕಿಸುವುದನ್ನೇ ಮರೆತಿದ್ದೆ. ಟ್ಯಾಂಕಿನ ತಳದಲ್ಲಿದ್ದ ಒಂದಿಷ್ಟು ಏರಿನಲ್ಲಿ ಹಿಂದಕ್ಕೆ ಸರಿದು ಪೈಪಿಗೆ ಗಾಳಿ ಸಿಕ್ಕಿತು. ಇಂಥ ಮೆಕ್ಯಾನಿಕ್ಕು ಪೆಟ್ರೋಲು ಮರೆತ ಎಂದು ಹೇಳಲು ನಾಚಿಕೆಯಾಗಿ ಕಾರ್ಬುರೇಟರಿನ ಮೇಲೆ ಹಾಕಿದೆ. ಆ ಒಂದು ಸುಳ್ಳಿಗೆ ಅಕ್ಕತಂಗಿಯ ಎರಡು ವರ್ಷ ಹೋಯಿತು. ನಿಮ್ಮಮ್ಮನಿಗೆ ಎದುರು ಕುಳಿತು ಹೇಳಲು ನಾಲ್ಕು ಸಲ ಬಾಯಿ ತೆರೆದೆ, ಆಗಲಿಲ್ಲ. ತೆರೆದ ಕಾಗದ ಕಂಡರೆ ಓದದೆ ಬಿಡುವವಳಲ್ಲ ಅವಳು. ಈಗ ಅಂಚೆ ಕಚೇರಿ ಕಡೆ ಹೊರಟಿದ್ದಾಳೆ, ಕಾಗದ ಕೊಡಿ ಎಂದು ಬಾಗಿಲಲ್ಲಿ ನಿಂತಿದ್ದಾಳೆ. ಲಕೋಟೆಗೆ ಗೋಂದು ಹಚ್ಚದೆ ಕೊಡುತ್ತಿದ್ದೇನೆ.