ಸ್ಪ್ರಿಂಗ್ ಸೀಟಿನ ಸೈಕಲ್ಲು

ಶಿರಹಟ್ಟಿ
೪ ಮಾರ್ಚ್ ೧೯೭೯

ಪ್ರೀತಿಯ ಅಣ್ಣಾ,

ನಮಸ್ಕಾರ. ನಿನ್ನ ಹಲ್ಲುನೋವು ಹೇಗಿದೆ? ವೈನಿಯ ಕೆಮ್ಮು ಇಳಿಯಿತೇ? ಬಳ್ಳಾರಿಯ ಬಿಸಿಲಿಗೆ ಮಜ್ಜಿಗೆ ಬಿಡಬೇಡ ಎಂದು ಅವ್ವ ಹೇಳಿದ್ದಾಳೆ.

ಸೈಕಲ್ಲಿಗೆಂದು ನೀನು ಕಳಿಸಿದ ಮನಿಆರ್ಡರು ಮುಟ್ಟಿತು. ಖಾಸಿಂಸಾಬನ ಅಂಗಡಿಯಲ್ಲಿ ಎರಡು ಸೈಕಲ್ಲು ಹತ್ತಿ ನೋಡಿದೆ. ಒಂದು ಸ್ಪ್ರಿಂಗ್ ಸೀಟಿನದು, ಭಾರ. ಬೆಳ್ಳಟ್ಟಿ ದಾರಿಯ ಕಲ್ಲುಗಳು ಬೆನ್ನಿಗೆ ಗೊತ್ತೇ ಆಗಲಿಲ್ಲ. ಆದರೆ ದಿಬ್ಬ ಬಂತೋ, ನಾನೆಷ್ಟು ತುಳಿದರೂ ನನ್ನ ಕಸುವನ್ನೂ ಅದೇ ನುಂಗಿ ಕೂತಿತು. ಇನ್ನೊಂದು ರೇಸಿನದು, ಹಗುರ, ಎಳ್ಳಷ್ಟೂ ಬಾಗುವುದಿಲ್ಲ. ಒಂದೊಂದು ಹರಳೂ ಹಲ್ಲಿಗೆ ಬಂದು ಬಡಿಯಿತು. ಆದರೆ ತುಳಿದಷ್ಟೂ ಮುಂದಕ್ಕೇ, ಅಣ್ಣಾ! ಖುಷಿಗೆ ನಡುದಾರಿಯಲ್ಲಿ ಒಬ್ಬನೇ ಕೂಗಿಬಿಟ್ಟೆ. "ಸುಖಾ ಬೇಕಂದ್ರ ಅದು, ಓಟ ಬೇಕಂದ್ರ ಇದು. ಎರಡೂ ಒಂದರಾಗ ಎಲ್ಲಿ ಸಿಗಬೇಕ್ರಿ ಆಚಾರ್ರ?" ಎಂದ ಖಾಸಿಂಸಾಬ.

ಒಂದು ದಿನದ ಮಟ್ಟಿಗೆ ರೇಸಿನದನ್ನು ಮನೆಗೆ ತಂದೆ. ಅದರ ಸೀಟು ತೊಗಲಿನದು. "ತೊಗಲಿನ ಮ್ಯಾಲೆ ಕೂತು ಹೋಗಿ ಗುಡಿಯಾಗಿನ ಹಣಮಪ್ಪನ್ನ ಮುಟ್ತೀಯೇನೋ?" ಎಂದು ಅವ್ವ ಹೌಹಾರಿದಳು. ನಾನೋ ಮಹಾ ಜಾಣ, ಅವಳು ಉಡುವ ಹಳೆಯ ಮಡಿಪತ್ತಲವನ್ನೇ ಸೀಟಿಗೆ ಸುತ್ತಿದೆ. ಮಡಿಯೂ ಕೆಟ್ಟಿತು, ಪತ್ತಲವೂ ಚೈನಿಗೆ ಸಿಕ್ಕು ಹರಿಯಿತು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮೇಲಿನ ಮಜ್ಜಿಗೆಯ ಮಾತನ್ನೂ ಗೋಡೆಗೆ ಹೇಳಿದ್ದು, ನಾನು ಕೇಳಿಸಿಕೊಂಡೆ.

ನೀನೂ ಬರೆದಿದ್ದೀ, "ಸ್ಪ್ರಿಂಗ್ ಸೀಟಿಂದೇ ತಗೋ, ದಿನಾ ಗುಡಿಗೆ ಹೋಗಾವ ನೀನು" ಎಂದು. ಓದಿ ಸಿಟ್ಟು ಬಂತು. ಪೂಜೆಯ ಪಾಳಿ ಒಂದು ವರ್ಷ ನಿನ್ನದು, ಒಂದು ವರ್ಷ ನನ್ನದು ಎಂದು ಅಪ್ಪ ಹಾಕಿಕೊಟ್ಟು ಹೋದರು. ನಿನ್ನ ವರ್ಷ ಬಂದಾಗಲೆಲ್ಲ ಕಚೇರಿಯಲ್ಲಿ ನಿನಗೆ ರಜೆ ಸಿಗುವುದಿಲ್ಲ. ಬೆಳಗಾದರೆ ಬೆಳ್ಳಟ್ಟಿ ಗುಡಿ, ಸಂಜೆಯಾದರೆ ಶಿರಹಟ್ಟಿ ಮನೆ, ಇಷ್ಟೇ ನನ್ನ ಲೋಕ. ಈಗ ಜಿಲ್ಲೆಯ ಸೈಕಲ್ ತಂಡಕ್ಕೆ ನನ್ನನ್ನು ಆರಿಸಿದ್ದಾರೆ. ಯುಗಾದಿಯ ಮರುದಿನ ವಿಜಾಪುರದ ತರಬೇತಿಗೆ ಹೋಗದಿದ್ದರೆ ಬೇರೆಯವನನ್ನು ತೆಗೆದುಕೊಳ್ಳುತ್ತಾರೆ. ಹಣಮಪ್ಪನನ್ನು ಒಂದು ಹೊತ್ತೂ ಉಪವಾಸ ಇಡುವ ಹಾಗಿಲ್ಲ. ಆ ಮೆತ್ತನ್ನ ಸೀಟು ನೋಡಿದರೆ ಸಾಕು, ಮುಪ್ಪಾಗುವ ತನಕ ಅದರ ಮೇಲೇ ಕೂತಿರುತ್ತೇನೆ ಎನಿಸಿ ಉಸಿರು ಕಟ್ಟುತ್ತದೆ.

ವೈನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಹಣಮಪ್ಪ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಪಾಂಡುರಂಗ

ತಾ.ಕ.: ಟಪಾಲು ಹೋಗುವ ಹೊತ್ತು, ಅವಸರದಲ್ಲಿದ್ದೇನೆ. ನಿನ್ನ ಹಣಕ್ಕೆ ಸ್ಪ್ರಿಂಗ್ ಸೀಟಿನದನ್ನೇ ತಗೊಂಡೆ. ಸೀಟನ್ನು ನಿನ್ನ ಕಾಲಳತೆಗೆ ಇಳಿಸಿಟ್ಟಿದ್ದೇನೆ. ನನ್ನ ಮುಂಜಿವಿಯ ಉಂಗುರ ಮಾರಿ ರೇಸಿನದನ್ನು ನನಗೆ ತಗೊಂಡೆ. ಈ ಯುಗಾದಿಯಿಂದ ನಿನ್ನ ಪಾಳಿ. ನೀನು ಬಾರದಿದ್ದರೆ ನಾನು ಗುಡಿ ಬಿಟ್ಟು ಹೋಗುವವನಲ್ಲ, ಅದು ನಿನಗೂ ಗೊತ್ತು. ಅದಕ್ಕೇ ಬಾ ಅಣ್ಣಾ.