ಇಂಗವ್ವನ ಸ್ಕೀಮ್

ಜನವರಿ 6, ಸೋಮವಾರ. ಬೆಳಿಗ್ಗೆ 7

ಸ್ವಸ್ತಿಶ್ರೀ. ಇನ್ನೂರು ಪುಟಗಳ ಅಧೀಶ್ವರರೂ, ಗೆರೆ ಎಳೆದ ಹಾಳೆಗಳ ಸಾರ್ವಭೌಮರೂ ಆದ ಶ್ರೀಮನ್ಮಹಾರಾಜ ದಿನಚರಿಯವರ ಪಾದಾರವಿಂದಗಳಿಗೆ, ಬಾದಾಮಿ ಪಟ್ಟಣದ ಒಂದೇ ಒಂದು ಬಾಡಿಗೆ ಕೋಣೆಯ ಉಸ್ತುವಾರಿ ಮಂತ್ರಿ ವಿಜಯಮಹಾಂತೇಶನ ಬಿನ್ನಹ — ನೀರು ಕಾಸಿದ್ದಾಯಿತು. ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. ಬಾಡಿಗೆಗಿರುವ ಇಂಗೆರ್ ಮೇಡಂ ಬನಶಂಕರಿ ರಸ್ತೆಯಲ್ಲಿದ್ದಾರೆ. ಕಾಲಿಗೆ ಗಾಲಿ ಹಚ್ಚಿದ ಉದ್ದನೆಯ ಪಟ್ಟಿ, ಕೈಯಲ್ಲಿ ಎರಡು ಕೋಲು, ಹಿಂದೆ ಮೂರು ನಾಯಿ.

ನಾರ್ವೆಯವರು. ಇಪ್ಪತ್ತೊಂಬತ್ತು ವಯಸ್ಸು. ಹಿಮದ ಮೇಲೆ ಮೈಲುಗಟ್ಟಲೆ ಸ್ಕೀ ಓಡುವುದೇ ಉದ್ಯೋಗ. ನಾಲ್ಕನೇ ವಯಸ್ಸಿಗೆ ಶುರು. ಹದಿನೇಳಕ್ಕೆ ಆ ದೇಶದ ಕಿರಿಯರಲ್ಲಿ ಮೊದಲು. ಆಮೇಲೆ ವಿಶ್ವಕಪ್ಪಿನಲ್ಲಿ ಆರು ಸಲ ನಾಲ್ಕನೇ ಸ್ಥಾನ. ನಾಲ್ಕನೆಯವರಿಗೆ ಹಾರವಿಲ್ಲ, ಫೋಟೋ ಇಲ್ಲ. ಮೊಣಕಾಲು ಆಪರೇಶನ್ ಆಯಿತು. ಡಿಸೆಂಬರಿನಲ್ಲಿ ತಂಡದಿಂದ ಕಿತ್ತು ಹಾಕಿದರು. ಸಿಟ್ಟಿಗೆದ್ದು, ಹಿಮವೇ ಬೀಳದ ಊರು ಹುಡುಕಿ, ನಮ್ಮ ಕೆಂಪು ಬಂಡೆ ಹತ್ತಲು ಬಂದರು. ಆದರೆ ಗಾಲಿಯ ಸ್ಕೀ ಮಾತ್ರ ತಂದಿದ್ದಾರೆ. ಬಿಟ್ಟವರು ಹೀಗೆ ತರುತ್ತಾರೆಯೇ?

ನನಗೆ ರಕ್ತ ಕುದಿಯುತ್ತದೆ. ಹನ್ನೆರಡು ವರ್ಷ ದುಡಿಸಿಕೊಂಡು, ಒಂದು ಮೊಣಕಾಲಿಗೆ ಹೊರಗೆ ಹಾಕುವುದೆ? ನಮ್ಮ ಓಣಿಯ ಎತ್ತಿಗೂ ಇಷ್ಟು ಅನ್ಯಾಯ ಆಗುವುದಿಲ್ಲ.

ಜನವರಿ 7. ಸಂಜೆ

ಸುದ್ದಿ ಬಂದಿದೆ. ಮೇಡಂ ಫೋನು ಬಂಡೆಯಿಂದ ಬಿದ್ದು ಬಾಗಲಕೋಟೆಗೆ ರಿಪೇರಿಗೆ ಹೋಗಿದೆ; ಮೇಲ್ ನೋಡಿದ್ದು ನನ್ನ ಫೋನಿನಲ್ಲಿ. ರಿಲೇ ತಂಡದ ನಾಲ್ವರಲ್ಲಿ ಒಬ್ಬಳು ಬಿದ್ದು ಮುಂಗೈ ಮುರಿದುಕೊಂಡಿದ್ದಾಳೆ. ಅವರ ಮುದುಕ ಕೋಚ್ ಬರೆದಿದ್ದಾನೆ — ನೀನು ಬೇಕಾದರೆ ಶುಕ್ರವಾರ ಸಂಜೆಯೊಳಗೆ ಫೋನ್ ಮಾಡುತ್ತೇನೆ, ಹೂಂ ಅಂದರೆ ಅದೇ ರಾತ್ರಿ ವಿಮಾನ ಹತ್ತಬೇಕು. ಮೇಡಂ ಅವನಿಗೆ ನನ್ನ ನಂಬರು ಕೊಟ್ಟರು.

‘ಇದು ಕೊನೆಯದು’ ಅಂದರು. ‘ಕರೆದರೆ ಓಡುತ್ತೇನೆ. ಇಲ್ಲವಾದರೆ ಮುಗಿಯಿತು.’

ಅವ್ವನಿಗೆ ಹೇಳಿದೆ. ಅವ್ವ ಇಂಗೆರ್ ಅನ್ನಲಾರಳು, ಇಂಗವ್ವ ಅನ್ನುತ್ತಾಳೆ. ಮೇಡಂ ತಾಟಿಗೆ ಆರನೇ ರೊಟ್ಟಿ ಹಾಕುತ್ತ ಅಂದಳು, ‘ಉಣ್ಣವಾ. ಕರೀತಾರ. ಕರೀದ ಎಲ್ಲಿ ಹೊಕ್ಕಾರ.’

ಜನವರಿ 9, ಗುರುವಾರ

ಇವತ್ತು ಪಕ್ಕದ ಮನೆಯ ರಂಗವ್ವನಿಂದ ಒಂದು ಇತಿಹಾಸ ಘಟಿಸಿತು. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಕೇಳಿದಳು, ‘ಈ ಹೆಣ್ಣಮಗಳು ಏನ್ ಮಾಡ್ತಾಳೋ ತಮ್ಮಾ?’

‘ಸ್ಕೀ ಮಾಡ್ತಾಳ.’

‘ಸ್ಕೀಮಾ? ಯಾವ ಸ್ಕೀಮು? ಹೆಣ್ಣಮಕ್ಕಳಿಗೇನ?’

ತಿದ್ದಬಹುದಿತ್ತು. ತಿದ್ದಲಿಲ್ಲ. ಗಂಭೀರವಾಗಿ ಅಂದೆ, ‘ಹೆಣ್ಣಮಕ್ಕಳಿಗೇ ಆಯಿ. ನಾಲ್ಕು ಮಂದಿಗೆ.’

ಒಂದು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಹತ್ತೊಂಬತ್ತು ಹೆಂಗಸರು. ಆಧಾರ್, ರೇಷನ್ ಕಾರ್ಡು, ಎರಡು ಫೋಟೋ. ನಾನು ಮೇಜು ಹಾಕಿ, ಹೆಗಲ ಮೇಲೆ ಟವಲು ಹೊದ್ದು, ನೋಂದಣಿ ಶುರು ಮಾಡಿದೆ. ‘ಹಿಮ ನೋಡೀರೇನ್ರಿ? ಮೊಣಕಾಲ ಬ್ಯಾನಿ ಐತೇನ್ರಿ?’ ಎಲ್ಲರಿಗೂ ಬ್ಯಾನಿ ಇತ್ತು. ಗೆಳೆಯ ಅಫ್ಜಲ ಆಟೋ ನಿಲ್ಲಿಸಿ ಬಂದು ನನ್ನ ಗುಮಾಸ್ತನಾದ.

ಮೇಡಂ ಬಂಡೆಯಿಂದ ಬಂದಾಗ ನಾಲ್ಕೂವರೆ. ಹೆಂಗಸರು ಮುತ್ತಿದರು. ರಂಗವ್ವ ಗಲ್ಲ ಹಿಡಿದು, ‘ನನ್ನ ಹೆಸರು ಮೊದಲ ಬರಕೋ ನನ್ನವ್ವಾ’ ಅಂದಳು. ಏನೂ ತಿಳಿಯದೆ ಅವರು ಎಲ್ಲರ ಕೈ ಕುಲುಕಿದರು. ಆಮೇಲೆ ನನ್ನ ಕಡೆ ನೋಡಿ — ‘ಫೋನ್?’

ಇಲ್ಲ ಎಂದು ತಲೆ ಆಡಿಸಿದೆ.

ಜನವರಿ 10, ಶುಕ್ರವಾರ. ರಾತ್ರಿ 8

ಇಡೀ ದಿನ. ಇಡೀ ದಿನ ಆ ಹೆಣ್ಣುಮಗಳು ಬಂಡೆ ಹತ್ತಲಿಲ್ಲ, ರಸ್ತೆಗೆ ಇಳಿಯಲಿಲ್ಲ. ಕಟ್ಟೆಯ ಮೇಲೆ ಚೀಲ ಕಟ್ಟಿಕೊಂಡು ಕೂತರು. ಯಾವುದೋ ಸಾಲದ ಕಂಪನಿ ಫೋನ್ ಬಂದರೆ ಎದ್ದು ನಿಲ್ಲುತ್ತಿದ್ದರು.

ಏನು ಜನ ಇವರು? ಒಂದು ಮಾತು — ಬಾ ಅಥವಾ ಬೇಡ. ಅಷ್ಟು ಹೇಳಲಾರದವನು ಕೋಚ್ ಹೇಗಾದ? ಶಿಸ್ತಿನ ದೇಶವಂತೆ, ಪ್ರಾಮಾಣಿಕರಂತೆ. ಥೂ. ನಾನೇ ಪ್ರಧಾನಿಗೆ ಪತ್ರ ಬರೆಯುತ್ತೇನೆ — ಅವರ ಪ್ರಧಾನಿಗೆ.

ಅವ್ವ ಅಂದಳು, ‘ಆ ಸುಡಗಾಡ ಮುದುಕಗ ನೀನರ ಒಂದು ಫೋನ್ ಹಚ್ಚಿಕೊಡು.’

ಮೇಡಂ ಬೇಡ ಅಂದರು. ‘ಬೇಡಿಕೊಳ್ಳುವುದಿಲ್ಲ. ಕರೆಯದಿದ್ದರೆ ಅದೇ ಉತ್ತರ.’

ರೊಟ್ಟಿ ಹಾಗೇ ಉಳಿಯಿತು.

ಜನವರಿ 11

ತಂಡದ ಪಟ್ಟಿ ಬಂತು. ನಾಲ್ಕನೇ ಹೆಸರು ಬೇರೆ ಯಾರದೋ — ಇಪ್ಪತ್ತು ವರ್ಷದ ಹುಡುಗಿ. ಮೇಡಂ ಎರಡು ಸಲ ಓದಿದರು. ನನ್ನ ಫೋನನ್ನು ಬಟ್ಟೆಯಲ್ಲಿ ಒರೆಸಿ ವಾಪಸು ಕೊಟ್ಟರು. ನನಗೆ ಅವರಿಗಿಂತ ಹೆಚ್ಚು ಸಿಟ್ಟು ಬಂತು. ಕೂಗಾಡಿದೆ. ಮೇಡಮ್ಮೇ ನನಗೆ ಸಮಾಧಾನ ಹೇಳಿದರು.

ಜನವರಿ 13, ಸೋಮವಾರ

ಹೋದರು. ಗಾಲಿಯ ಸ್ಕೀ ಒಯ್ಯಲಿಲ್ಲ. ಅವ್ವ ಕುಪ್ಪಸದ ಖಣ ಇಟ್ಟು ಉಡಿ ತುಂಬಿದಳು. ಕಲಿತ ಕನ್ನಡದಲ್ಲಿ ಮೇಡಂ ‘ಹೋಗ್ತೇನಿ’ ಅಂದರು.

‘ಹಂಗ ಅನಬಾರದವಾ. ಹೋಗಿ ಬರ್ತೇನಿ ಅನ್ನಬೇಕು.’

ಅವರು ಅನ್ನಲಿಲ್ಲ. ನಕ್ಕರು. ಅಫ್ಜಲನ ಆಟೋ ಹತ್ತುವ ಮುಂಚೆ ನನಗೆ, ‘ನನ್ನ ಪರವಾಗಿ ಇಷ್ಟು ಸಿಟ್ಟಾದವನು ನೀನೊಬ್ಬನೇ’ ಅಂದರು.

ಅದಕ್ಕೇ ಬರೆಯುತ್ತಿದ್ದೇನೆ. ಮಹಾರಾಜ ದಿನಚರಿಯವರೇ, ತಮಗೂ ಹೇಳಿರಲಿಲ್ಲ.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಒಂದು ಫೋನ್ ಬಂದಿತ್ತು. ನೋಂದಣಿ ಜೋರು ನಡೆದಿತ್ತು. ನಂಬರು ನೋಡಲಿಲ್ಲ. ಮುದುಕನ ದನಿ, ವಿಚಿತ್ರ ಇಂಗ್ಲಿಷು, ಇಂಗೆರ್ ಇದ್ದಾಳೆಯೇ ಅಂದಿತು. ಜೆರಾಕ್ಸಿಗೆ ಹೋಗಿದ್ದ ಅಫ್ಜಲನೇ ದನಿ ಬದಲಿಸಿ ಆಡಿಸುತ್ತಿದ್ದಾನೆ ಅಂದುಕೊಂಡೆ. ನಾನೂ ದನಿ ಇಳಿಸಿ, ಸ್ವಾಮಿಗಳ ಹಾಗೆ, ಇಂಗ್ಲಿಷಿನಲ್ಲೇ ಅಂದೆ — ಮೇಡಂ ದೀಕ್ಷೆ ತಗೊಂಡಿದ್ದಾರೆ. ಮಠ ಸೇರಿದ್ದಾರೆ. ಸ್ಕೀ ಬಿಟ್ಟರು. ದಯವಿಟ್ಟು ಕರೆಯಬೇಡಿ.

ಆಮೇಲೆ, ‘ಅರ್ಥವಾಯಿತು. ಅವಳಿಗೆ ಶಾಂತಿ ಸಿಗಲಿ’ ಅಂದು ಫೋನ್ ಇಟ್ಟ.

ಮಗ ಎಷ್ಟು ಚೆನ್ನಾಗಿ ಮಾಡಿದ ಅಂತ ತಲೆ ಎತ್ತಿದೆ. ಅಫ್ಜಲ ನನ್ನ ಎದುರಿಗೇ ಇದ್ದ. ಎರಡೂ ಕೈಯಲ್ಲಿ ಆಧಾರ್ ಜೆರಾಕ್ಸು.

ಆಗಲೇ ತಿರುಗಿ ಹಚ್ಚಬಹುದಿತ್ತು. ಒಂದು ದಿನಕ್ಕೂ ಹೆಚ್ಚು ಹೊತ್ತು ಇತ್ತು. ನಂಬರು ಅಳಿಸಿದೆ. ರಂಗವ್ವ ಕಾಯುತ್ತಿದ್ದಳು, ಮುಂದಿನ ಹೆಸರು ಕೇಳಿದೆ, ಬರೆದುಕೊಂಡೆ.